ಕೂಸಿನ ನಾಲಿಗೆ ಕಟ್ಟು: ಕತ್ತರಿ ಹಾಕೋದಾ, ಕಾಯೋದಾ?

ಎರಡನೇ_ಪಾಳಿ · ಸೋಮವಾರ, ಬೆಳಿಗ್ಗೆ 8:40
ಹೆರಿಗೆ ವಾರ್ಡಿನ ಕೇಸ್ ಶೀಟುಗಳಲ್ಲಿ ಈಚೆಗೆ ಒಂದೇ ಸಾಲು ಮತ್ತೆ ಮತ್ತೆ ಕಾಣ್ತಿದೆ: "ಟಂಗ್ ಟೈ ಇದೆ." ಅಷ್ಟೇ. ನಾಲಿಗೆಯನ್ನ ಕೆಳಗೆ ಕಟ್ಟಿಹಾಕೋ ಆ ಪೊರೆ ಎಷ್ಟು ಬಿಗಿ, ಎಲ್ಲಿಗೆ ಅಂಟಿದೆ, ಮಗು ಹಾಲು ಕುಡೀತಿದೆಯಾ, ಒಂದೂ ಇರಲ್ಲ. ಅಜ್ಜಿ "ಮೂಗ ಆಗ್ಬಿಡುತ್ತಾ" ಅಂತ ಕಣ್ಣೀರು ಹಾಕ್ತಾರೆ, ಅಪ್ಪ ಫೋನಲ್ಲಿ ಲೇಸರ್ ದರ ಹುಡುಕ್ತಾನೆ. ಇದರ ಉಲ್ಟಾನೂ ಇದೆ: ನಾಲಿಗೆ ತುದಿವರೆಗೆ ಅಂಟಿರೋ ಮಗೂನ "ಬೆಳೀತಾ ಸರಿಹೋಗುತ್ತೆ" ಅಂತ ಮನೆಗೆ ಕಳಿಸೋದು, 15ನೇ ದಿನಕ್ಕೆ ಹುಟ್ಟಿದ ತೂಕಕ್ಕೂ ಬಂದಿರಲ್ಲ.

ವಾರ್ಡಿಗೆ ಒಂದು ಪುಟದ ಪದ್ಧತಿ ಬರೀಬೇಕು ಅಂತಿದೀವಿ. ನೋಡೋದು ಹೇಗೆ, ಅಳೆಯೋದು ಹೇಗೆ, ಯಾರಿಗೆ ಕತ್ತರಿ, ಯಾರಿಗೆ ಬೇಡ, ಆಮೇಲೆ ಏನು ಗಮನಿಸಬೇಕು? ತಿಳಿದವರು ಬಿಡಿಸಿ ಹೇಳಿ. "ಡಾಕ್ಟರನ್ನ ಕೇಳಿ" ಅನ್ನೋ ಉತ್ತರ ಬೇಡ, ಇಲ್ಲಿರೋ ಅರ್ಧ ಜನ ಡಾಕ್ಟರೇ.

ತೊಟ್ಟಿಲು_ತಜ್ಞ · 9:05
ಮೊದಲು ಒಂದು ಮಾತು. ನಾಲಿಗೆ ಕೆಳಗಿನ ಪೊರೆ ಎಲ್ಲರಿಗೂ ಇರುತ್ತೆ. ಪೊರೆ ಕಂಡ ಮಾತ್ರಕ್ಕೆ ಅದು ಕಟ್ಟಲ್ಲ. ಅದು ನಾಲಿಗೆಯ ಚಲನೆಯನ್ನ ತಡೆದರೆ ಮಾತ್ರ ಕಟ್ಟು.

ನೋಡೋ ಕ್ರಮ: ಮಗೂನ ಮಲಗಿಸಿ, ತಲೆ ನಿಮ್ಮ ಕಡೆ, ಕಾಲು ಆಚೆ. ಅಂದ್ರೆ ನೀವು ತಲೆಯ ಹಿಂದಿನಿಂದ ನೋಡ್ತೀರಿ. ಕೈಗವಸು ಹಾಕಿ, ಎರಡೂ ತೋರುಬೆರಳನ್ನ ನಾಲಿಗೆಯ ಕೆಳಗೆ ಎಡಕ್ಕೊಂದು ಬಲಕ್ಕೊಂದು ಇಟ್ಟು ಮೇಲಕ್ಕೆತ್ತಿ. ಎದುರಿನಿಂದ ಟಾರ್ಚ್ ಬಿಟ್ಟು ಬಾಯಿ ಬಿಡಿಸಿದರೆ ಅರ್ಧ ಕಟ್ಟುಗಳು ಕಣ್ಣಿಗೇ ಬೀಳಲ್ಲ. ಆಮೇಲೆ ಕಿರುಬೆರಳನ್ನ ನಾಲಿಗೆ ಕೆಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ. ಸಲೀಸಾಗಿ ಹೋದರೆ ಸರಿ, ನಡುವೆ ಬೇಲಿ ತಂತಿ ತರ ತಡೆದರೆ ಬರೆದಿಡಿ. ಕೊನೆಗೆ ಅದೇ ಬೆರಳನ್ನ ತಿರುಗಿಸಿ, ಮೆದು ಭಾಗ ಅಂಗಳಕ್ಕೆ (ಬಾಯಿಯ ಮೇಲ್ಛಾವಣಿಗೆ) ತಾಗುವ ಹಾಗೆ ಚೀಪಲು ಕೊಡಿ. ನಾಲಿಗೆ ಬೆರಳನ್ನ ದೋಣಿ ತರ ಸುತ್ತಿಕೊಂಡು ಮುಂದಿನಿಂದ ಹಿಂದಕ್ಕೆ ಅಲೆ ಎಬ್ಬಿಸಬೇಕು. ವಸಡಿನಿಂದ ಕಚ್ಚುತ್ತಿದ್ದರೆ, ಮಧ್ಯೆ ಮಧ್ಯೆ ಹಿಡಿತ ಜಾರಿ ಟಕ್ ಅಂದರೆ, ಅದು ಕಟ್ಟಿನ ಲಕ್ಷಣ ಇರಬಹುದು.

ತೊಟ್ಟಿಲು_ತಜ್ಞ · 9:11
ಅಳತೆಗೆ ಬ್ರಿಸ್ಟಲ್ ಪಟ್ಟಿ ಸಾಕು, ಒಂದು ನಿಮಿಷದ ಕೆಲಸ. ನಾಲ್ಕು ಸಂಗತಿ, ಪ್ರತಿಯೊಂದಕ್ಕೂ 0, 1 ಅಥವಾ 2. ತುದಿಯ ಆಕಾರ: ಹೃದಯದ ಹಾಗೆ ಸೀಳಿದ್ದರೆ 0, ಸಣ್ಣ ಕಚ್ಚು ಇದ್ದರೆ 1, ದುಂಡಗಿದ್ದರೆ 2. ಪೊರೆ ಕೆಳಗೆ ಎಲ್ಲಿಗೆ ಅಂಟಿದೆ: ವಸಡಿನ ಮೇಲಂಚಿಗೇ ಆದರೆ 0, ವಸಡಿನ ಒಳಮೈಗೆ 1, ಬಾಯಿಯ ತಳಕ್ಕೆ 2. ಬಾಯಿ ಅಗಲಿಸಿ ಅಳುವಾಗ ನಾಲಿಗೆ ಎಷ್ಟು ಏಳುತ್ತೆ: ಏಳದಿದ್ದರೆ 0, ಅಂಚು ಮಾತ್ರ ಬಾಯಿಯ ಮಧ್ಯದವರೆಗೆ ಬಂದರೆ 1, ಪೂರ್ತಿ ಬಂದರೆ 2. ಎಷ್ಟು ಹೊರಬರುತ್ತೆ: ವಸಡಿನ ಹಿಂದೆಯೇ ಉಳಿದರೆ 0, ವಸಡು ದಾಟಿದರೆ 1, ಕೆಳತುಟಿ ದಾಟಿದರೆ 2. ಒಟ್ಟು 8. 3 ಅಥವಾ ಅದಕ್ಕಿಂತ ಕಮ್ಮಿ ಅಂದ್ರೆ ತೀವ್ರ. ಶೀಟಿನಲ್ಲಿ "ಟಂಗ್ ಟೈ" ಬದಲು "ಬ್ರಿಸ್ಟಲ್ 2/8" ಅಂತ ಇದ್ದರೆ ಮುಂದಿನವರಿಗೆ ವಿಷಯ ತಿಳಿಯುತ್ತೆ.

ಒಳಲೆ · 9:30
ಅಂಕ ಅರ್ಧ ಮಾತ್ರ ಸರ್. ಉಳಿದರ್ಧ ಮಗು ಹಾಲು ಕುಡಿಯೋದನ್ನ ಮೊದಲಿನಿಂದ ಕೊನೆವರೆಗೆ ಕೂತು ನೋಡೋದು. ಆ 20 ನಿಮಿಷ ಕೊಡೋಕೆ ಯಾರಿಗೂ ಪುರುಸೊತ್ತಿಲ್ಲ, ಅದೇ ರೋಗ.

ಗಲ್ಲ ಮೊಲೆಗೆ ಒತ್ತಿರಬೇಕು, ಕೆಳತುಟಿ ಹೊರಮಡಚಿರಬೇಕು, ಕಪ್ಪು ಭಾಗ ಮೇಲುತುಟಿಯ ಕಡೆ ಜಾಸ್ತಿ ಕಾಣಬೇಕು, ಕೆಳಗೆ ಕಮ್ಮಿ. ಎರಡು ಮೂರು ಚೀಪಿಗೆ ಒಂದು ನುಂಗುವ ಸದ್ದು ಕೇಳಬೇಕು. ಮಗು ಬಾಯಿ ಬಿಟ್ಟ ತಕ್ಷಣ ತೊಟ್ಟಿನ ಆಕಾರ ನೋಡಿ. ದುಂಡಗೆ ಉದ್ದವಾಗಿದ್ದರೆ ಸರಿ. ಹೊಸ ಲಿಪ್‌ಸ್ಟಿಕ್ ತುದಿ ಹಾಗೆ ಓರೆಯಾಗಿ ಚಪ್ಪಟೆಯಾಗಿದ್ದರೆ, ಬಿಳಿ ಗೆರೆ ಬಿದ್ದಿದ್ದರೆ, ನಾಲಿಗೆ ಮುಂದೆ ಬಾರದೆ ವಸಡೇ ಅದನ್ನ ಅರೀತಿದೆ ಅಂತ ಅರ್ಥ.

ಸಂಶಯ ಇದ್ದರೆ ಕುಡಿಯೋ ಮುಂಚೆ, ಕುಡಿದ ಮೇಲೆ ತೂಕ ಮಾಡಿ. ಅದೇ ಬಟ್ಟೆ, ಅದೇ ಡೈಪರ್, ಒದ್ದೆಯಾದರೂ ಬದಲಿಸಬೇಡಿ. ಒಂದು ಗ್ರಾಂ ಅಂದ್ರೆ ಹೆಚ್ಚುಕಡಿಮೆ ಒಂದು ಮಿಲಿ ಹಾಲು. 5 ಗ್ರಾಂ ವ್ಯತ್ಯಾಸ ತೋರಿಸೋ ಡಿಜಿಟಲ್ ತಕ್ಕಡಿಯಾದರೂ ಬೇಕು, ತೂಗುಬುಟ್ಟಿಯ ಸ್ಪ್ರಿಂಗ್ ತಕ್ಕಡೀಲಿ ಇದು ಆಗಲ್ಲ.

ಮಲೆನಾಡ_ಮಿಡತೆ · 9:42
ಕೆಲವರು ಇದನ್ನ "ಕಿರುನಾಲಿಗೆ ಅಂಟಿದೆ" ಅಂತಾರೆ. ಪದ್ಧತೀಲಿ ಆ ಪದಾನೂ ಸೇರಿಸಿ, ಜನಕ್ಕೆ ತಿಳಿಯುತ್ತೆ.

ಗಂಟಲು_ಗಡಿಯಾರ · 9:50
ದಯವಿಟ್ಟು ಸೇರಿಸಬೇಡಿ. ಕಿರುನಾಲಿಗೆ ಅಂದ್ರೆ ಗಂಟಲ ಬಾಗಿಲಲ್ಲಿ ಮೇಲಿನಿಂದ ಜೋತಾಡೋ ಮಾಂಸದ ಹನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಆದರೆ ನೆಪ ಸಿಕ್ಕಿತು, ಹೇಳಿಬಿಡ್ತೀನಿ: ನಾಲಿಗೆ ನೋಡುವಾಗ ಕಿರುನಾಲಿಗೇನೂ ನೋಡಲೇಬೇಕು. ಅದು ಎರಡಾಗಿ ಸೀಳಿದ್ದರೆ, ಮೆದು ಅಂಗಳದ ನಟ್ಟನಡುವೆ ನೀಲಿಛಾಯೆಯ ತೆಳು ಗೆರೆ ಇದ್ದರೆ, ಗಟ್ಟಿ ಅಂಗಳದ ಹಿಂತುದೀಲಿ ಬೆರಳಿಗೆ ಕಚ್ಚು ಸಿಕ್ಕರೆ, ಅದು ಚರ್ಮದಡಿ ಅಡಗಿದ ಸೀಳಂಗಳ. ಈ ಮಗು ಹಾಲು ಎಳೆಯದಿರೋದು ಒತ್ತಡ ಕಟ್ಟಲಾರದೆ, ನಾಲಿಗೆಯಿಂದಲ್ಲ. ಟಿಬಿಎಕ್ಸ್22 ಅನ್ನೋ ಜೀನಿನ ದೋಷದಲ್ಲಿ ಸೀಳಂಗಳ, ನಾಲಿಗೆ ಕಟ್ಟು ಎರಡೂ ಒಟ್ಟಿಗೆ ಬರುತ್ತವೆ, ಹೆಚ್ಚಾಗಿ ಗಂಡುಮಕ್ಕಳಲ್ಲಿ. ಕಟ್ಟು ಕಂಡ ಖುಷೀಲಿ ಅಂಗಳ ನೋಡೋದು ಮರೆತರೆ ಮುಗೀತು.

ದಂತಕಥೆ · 10:15
ಹಲ್ಲಿನವರ ಕಡೆಯಿಂದ: ಕೊಟ್ಲೋ ವಿಂಗಡಣೆ ಯಾಕೆ ಬಳಸಲ್ಲ? ಪೊರೆ ಅಂಟಿದ ಜಾಗದಿಂದ ತುದಿವರೆಗಿನ ಬಿಡಿ ನಾಲಿಗೆಯ ಉದ್ದ ಅಳೆಯೋದು. 16 ಮಿಮೀಗಿಂತ ಜಾಸ್ತಿ ಇದ್ದರೆ ಸರಿ. 12ರಿಂದ 16 ಸೌಮ್ಯ, 8ರಿಂದ 11 ಮಧ್ಯಮ, 3ರಿಂದ 7 ತೀವ್ರ, 3ಕ್ಕಿಂತ ಕಮ್ಮಿ ಪೂರ್ಣ ಕಟ್ಟು. ಸಂಖ್ಯೆ ಇದೆ, ವಾದ ಇಲ್ಲ.

ತೊಟ್ಟಿಲು_ತಜ್ಞ · 10:22
ವಾದ ಇದೆ. ಅದು ಒಂದೂವರೆ ವರ್ಷ ದಾಟಿದ ಮಕ್ಕಳ ಬಾಯಿ ಅಳೆದು ಮಾಡಿದ್ದು. ಮೂರು ದಿನದ ಕೂಸಿನ ನಾಲಿಗೆಗೆ 16 ಮಿಮೀ ಗೆರೆ ಎಳೆದರೆ ವಾರ್ಡಿನಲ್ಲಿರೋ ಎಲ್ಲಾ ಮಕ್ಕಳೂ ರೋಗಿಗಳೇ.

ದಂತಕಥೆ · 10:25
ಒಪ್ಪಿದೆ, ಶಾಲೆ ಮಕ್ಕಳಿಗೆ ಇಟ್ಕೊಳ್ಳೋಣ.

ಕತ್ತರಿ_ಹತ್ತಿ · 10:48
ಎಲ್ಲರೂ ಅಳತೆಪಟ್ಟಿ ಹಿಡಿದು ಕೂತರೆ ಹೇಗೆ. ನೋಡಲೇಬೇಕಾದ ಇನ್ನೊಂದು ಜಾಗ ಮಗುವಿನ ದವಡೆ. ಪಕ್ಕದಿಂದ ನೋಡಿ. ಗಲ್ಲ ಒಳಸರಿದು, ನಾಲಿಗೆ ಹಿಂದಕ್ಕೆ ಬಿದ್ದು, ಅಂಗಳದಲ್ಲಿ ಇಂಗ್ಲಿಷಿನ ಯು ಆಕಾರದ ಸೀಳು ಇದ್ದರೆ ಅದು ಪಿಯೆರ್ ರಾಬಿನ್ ಅನ್ನೋ ಹುಟ್ಟುದೋಷ. ಅಲ್ಲಿ ಆ ಪೊರೆಯೇ ನಾಲಿಗೆಯನ್ನ ಮುಂದಕ್ಕೆ ಹಿಡಿದಿರಬಹುದು. ಕತ್ತರಿಸಿದಿರೋ, ನಾಲಿಗೆ ಇನ್ನೂ ಹಿಂದೆ ಬಿದ್ದು ಉಸಿರು ಕಟ್ಟುತ್ತೆ. ಮಾಂಸಖಂಡ ಸಡಿಲ ಇರೋ ಮಗುಗೂ ಇದೇ ಎಚ್ಚರಿಕೆ.

ಕತ್ತರಿ ಎತ್ತುವ ಮುಂಚೆ ಮೂರು ಪ್ರಶ್ನೆ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ವಿಟಮಿನ್ ಕೆ 1 ಮಿಲಿಗ್ರಾಂ ತೊಡೆಗೆ ಕೊಟ್ಟಾಗಿದೆಯಾ? ಮನೇಲಿ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ), ಸುನ್ನತಿ ಅಥವಾ ಹಲ್ಲು ಕಿತ್ತಾಗ ನಿಲ್ಲದ ರಕ್ತ, ಹೊಕ್ಕುಳಬಳ್ಳಿಯಿಂದ ಜಿನುಗು, ಇಂಥದ್ದೇನಾದ್ರೂ ಇದೆಯಾ? ಕಟ್ಟು ಬಿಡಿಸಿದರೆ ಏನು ಸುಧಾರಿಸಬೇಕು ಅಂತ ತಾಯಿಗೂ ನಿಮಗೂ ಒಂದೇ ಉತ್ತರ ಇದೆಯಾ? ಮೂರನೇದಕ್ಕೆ ಉತ್ತರ ಇಲ್ಲದಿದ್ದರೆ ಕತ್ತರಿ ಕೆಳಗಿಡಿ.

ಎರಡನೇ_ಪಾಳಿ · 10:55
ಮಾಡೋ ವಿಧಾನ ಹಂತ ಹಂತವಾಗಿ ಹೇಳಿ ಸರ್. ಟ್ರೇ ಹಾಕೋದು ನಾವೇ.

ಕತ್ತರಿ_ಹತ್ತಿ · 11:20
ಟ್ರೇಗೆ: ತುದಿ ಮೊಂಡಾದ ಸಣ್ಣ ಕತ್ತರಿ, ನಾಲಿಗೆ ಎತ್ತೋಕೆ ನಡುವೆ ಸೀಳಿರೋ ಗ್ರೂವ್ಡ್ ಡೈರೆಕ್ಟರ್ ಅನ್ನೋ ಸಲಕರಣೆ, ಗಾಜ್ ಬಟ್ಟೆಯ ತುಂಡುಗಳು, ಒಳ್ಳೆ ಬೆಳಕು, ನೋವು ತಗ್ಗಿಸೋಕೆ 24 ಪ್ರತಿಶತ ಸುಕ್ರೋಸ್ (ಸಕ್ಕರೆ) ದ್ರಾವಣ. ಪಕ್ಕದಲ್ಲಿ ರಕ್ತ ನಿಲ್ಲಿಸೋಕೆ ಅಡ್ರಿನಾಲಿನ್ ಮತ್ತು ಬಾಯಿಂದ ರಕ್ತ ಹೀರಿ ತೆಗೆಯೋ ಸಕ್ಷನ್ ಸಿದ್ಧ ಇರಲಿ. ಬೇಕಾಗೋದು ಅಪರೂಪ, ಆದರೆ ಬೇಕಾದಾಗ ಓಡಿಹೋಗಿ ತರುವಂಥದ್ದಲ್ಲ.

ಮಗು ಸ್ವಲ್ಪ ಹಸಿದಿರಲಿ, ಮುಗಿದ ತಕ್ಷಣ ಮೊಲೆ ಹಿಡಿಯಬೇಕು. ತೋಳು ಒಳಗೆ ಸೇರಿಸಿ ಬಟ್ಟೇಲಿ ಸುತ್ತಿ. ಸಹಾಯಕರು ತಲೆಯನ್ನ ಎರಡು ಅಂಗೈಲಿ ಹಿಡೀಬೇಕು, ಕತ್ತು ಅಲ್ಲ. ಎರಡು ನಿಮಿಷ ಮುಂಚೆ ನಾಲಿಗೆ ಮೇಲೆ ಸುಕ್ರೋಸ್ ಬಿಡಿ. ಡೈರೆಕ್ಟರಿನ ಸೀಳಿಗೆ ಪೊರೆ ಕೂರಿಸಿ ನಾಲಿಗೆ ಎತ್ತಿ. ತೆಳು ಪೊರೆ ಹಿಂದಿನ ಬೆಳಕಿಗೆ ಕಾಗದದ ಹಾಗೆ ಕಾಣುತ್ತೆ, ಅದರಲ್ಲಿ ರಕ್ತನಾಳ ಇಲ್ಲ ಅಂತ ಖಚಿತ ಮಾಡಿ. ನಾಲಿಗೆಗೆ ಸಮಾನಾಂತರವಾಗಿ, ಬಾಯಿಯ ತಳಕ್ಕಿಂತ ನಾಲಿಗೆ ಕಡೆಗೆ ಹತ್ತಿರದಲ್ಲಿ, 2–3 ಮಿಮೀ ಒಂದು ಕತ್ತರಿಕೆ. ಸಾಲದಿದ್ದರೆ ಇನ್ನೊಂದು. ವಜ್ರಾಕಾರದ ಸಣ್ಣ ಗಾಯ ತೆರೆದುಕೊಂಡರೆ ನಿಲ್ಲಿಸಿ.

ತಳದ ಕಡೆ ಯಾಕೆ ಹೋಗಬಾರದು ಅಂದ್ರೆ, ಪೊರೆಯ ಬುಡದ ಎರಡೂ ಪಕ್ಕದಲ್ಲಿ ಜೊಲ್ಲಿನ ನಾಳಗಳ ಬಾಯಿ ಇದೆ. ಅದಕ್ಕೆ ಪೆಟ್ಟು ಬಿದ್ದು ಗಾಯ ಮುಚ್ಚಿಕೊಂಡರೆ ನಾಲಿಗೆಯಡಿ ಜೊಲ್ಲಿನ ಗುಳ್ಳೆ ಉಬ್ಬುತ್ತೆ. ನಾಲಿಗೆ ಕಡೆಗೂ ಆಳಕ್ಕೆ ಹೋಗಬಾರದು, ಅಲ್ಲಿ ಎರಡೂ ಪಕ್ಕ ನೀಲಿ ಸಿರೆಗಳು, ಪೊರೆಯಡಿಯಲ್ಲೇ ಸ್ಪರ್ಶದ ನರದ ಕವಲುಗಳು.

ಗಾಜ್ ಬಟ್ಟೆಯಿಂದ ಒಂದೆರಡು ನಿಮಿಷ ಒತ್ತಿ, ಮೊಲೆಗೆ ಕೊಡಿ. ಚೀಪೋದೇ ಒಳ್ಳೆ ಒತ್ತಡ.

ಗಂಟಲು_ಗಡಿಯಾರ · 11:31
ರಕ್ತ ನಿಲ್ಲದಿದ್ದರೆ ಜನ ಮಾಡೋ ತಪ್ಪು: ಪ್ರತಿ 20 ಸೆಕೆಂಡಿಗೆ ಗಾಜ್ ಬಟ್ಟೆ ಎತ್ತಿ ನೋಡೋದು. ಗಡಿಯಾರ ನೋಡಿಕೊಂಡು 5 ನಿಮಿಷ ಒತ್ತಿ ಹಿಡೀರಿ, ಇಣುಕಬೇಡಿ. ಆಮೇಲೂ ಜಿನುಗಿದರೆ ಅಡ್ರಿನಾಲಿನ್‌ನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆ, ಇನ್ನೂ 5 ನಿಮಿಷ. ಅದಕ್ಕೂ ಜಗ್ಗದಿದ್ದರೆ ಹೊಲಿಗೆ, ಜೊತೆಗೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಮಗು ರಕ್ತ ನುಂಗುತ್ತೆ ಅನ್ನೋದನ್ನ ಮರೀಬೇಡಿ. ಹೊರಗೆ ಕಾಣೋದು ಕಮ್ಮಿ ಇರುತ್ತೆ.

ದಂತಕಥೆ · 11:40
ಇಷ್ಟೆಲ್ಲ ರಗಳೆ ಯಾಕೆ, ಡಯೋಡ್ ಲೇಸರ್ ಇದ್ದರೆ ರಕ್ತವೇ ಬರಲ್ಲ.

ಕತ್ತರಿ_ಹತ್ತಿ · 11:44
ಮೂರು ದಿನದ ಮಗುವಿನ ತೆಳು ಪೊರೆಗೆ ಲೇಸರ್ ಅಂದ್ರೆ ಇರುವೆಗೆ ಬ್ರಹ್ಮಾಸ್ತ್ರ. ಕತ್ತರೀಲಿ ಎರಡು ಸೆಕೆಂಡು. ಲೇಸರಿಗೆ ಎಲ್ಲರ ಕಣ್ಣಿಗೂ ಕನ್ನಡಕ, ಮಗು ಅಲುಗಾಡದ ಹಾಗೆ ಹಿಡಿಯೋ ಸಾಹಸ. ಡಯೋಡಿನ ತುದಿ ಕಾದು ಪಕ್ಕದ ಅಂಗಾಂಶಕ್ಕೂ ಬಿಸಿ ತಾಗುತ್ತೆ, ಗಾಯ ಆರೋಕೆ ನಿಧಾನ. ಹಾಲೂಡಿಕೆಯ ಫಲಿತಾಂಶದಲ್ಲಿ ಕತ್ತರಿಗಿಂತ ಲೇಸರ್ ಮೇಲು ಅಂತ ಸಾಬೀತಾಗಿಲ್ಲ. ಬಿಲ್ಲಿನಲ್ಲಿ ಮಾತ್ರ ಮೇಲು.

ದಂತಕಥೆ · 11:52
ಬಿಲ್ಲಿನ ಮಾತು ಬೇಡ. ದಪ್ಪ ಪೊರೆ, ದೊಡ್ಡ ಮಗು ಅಂದ್ರೆ ಕಾರ್ಬನ್ ಡೈಆಕ್ಸೈಡ್ ಲೇಸರಿನಲ್ಲಿ ಬಿಸಿ ಹರಡೋದು ಕಮ್ಮಿ, ರಕ್ತವಿಲ್ಲದೆ ಜಾಗ ಸ್ಪಷ್ಟವಾಗಿ ಕಾಣುತ್ತೆ. ಅಲ್ಲಿ ಅದಕ್ಕೆ ಬೆಲೆ ಇದೆ. ನವಜಾತ ಶಿಶುಗೆ ಕತ್ತರಿ ಸಾಕು ಅನ್ನೋದನ್ನ ನಾನೂ ಒಪ್ತೀನಿ.

ತೊಟ್ಟಿಲು_ತಜ್ಞ · 12:10
ಈಗ ಮುಳ್ಳಿನ ಪ್ರಶ್ನೆ, "ಹಿಂಭಾಗದ ಕಟ್ಟು". ಪೊರೆ ಎಲ್ಲಿ ಅಂಟಿದೆ ಅಂತ ನೋಡಿ ನಾಲ್ಕು ಬಗೆ ಮಾಡೋ ಕೊರಿಲ್ಲೋಸ್ ವಿಂಗಡಣೆಯ ನಾಲ್ಕನೇ ಬಗೆ. ಕಣ್ಣಿಗೆ ಕಾಣಲ್ಲ, ಒಳಗಿದೆ, ಬೆರಳಿಗೆ ಮಾತ್ರ ಸಿಗುತ್ತೆ ಅಂತಾರೆ. ಎದೆಹಾಲಿನ ಯಾವ ತೊಂದರೆ ಬಂದರೂ ಇದರ ತಲೆಗೆ ಕಟ್ಟೋದು ಸುಲಭ. 2020ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರು ಒಮ್ಮತದ ಹೇಳಿಕೆ ಬರೆಯಲು ಕೂತಾಗ, ಇದರ ವ್ಯಾಖ್ಯೆಯ ಮೇಲೇ ಒಮ್ಮತ ಬರಲಿಲ್ಲ. 2024ರಲ್ಲಿ ಅಲ್ಲಿನ ಮಕ್ಕಳ ತಜ್ಞರ ಅಕಾಡೆಮಿ ಹೇಳಿದ್ದು: ಕಟ್ಟಿನ ಲಕ್ಷಣ ಇರೋ ಮಕ್ಕಳಲ್ಲಿ ಅರ್ಧಕ್ಕಿಂತ ಕಮ್ಮಿ ಮಕ್ಕಳಿಗೆ ಮಾತ್ರ ಮೊಲೆ ಕುಡಿಯೋಕೆ ತೊಂದರೆ ಇರುತ್ತೆ. ಉಳಿದವರಿಗೆ ಏನೂ ಮಾಡಬೇಕಿಲ್ಲ.

ಒಳಲೆ · 12:24
ಹಾಗಂತ ನಿಜವಾದ ಕಟ್ಟನ್ನೂ ತಳ್ಳಿಹಾಕಬೇಡಿ. ಬೇರೆ ಬೇರೆ ಪ್ರಯೋಗಗಳನ್ನ ಒಟ್ಟುಗೂಡಿಸಿ ತೂಗಿದ 2017ರ ಕಾಕ್ರೇನ್ ಪರಿಶೀಲನೆ 5 ಪ್ರಯೋಗ, 302 ಮಕ್ಕಳನ್ನ ನೋಡಿ ಹೇಳಿದ್ದೇನು? ಕತ್ತರಿಸಿದರೆ ತಾಯಿಯ ತೊಟ್ಟಿನ ನೋವು ಸದ್ಯಕ್ಕೆ ಕಮ್ಮಿಯಾಗುತ್ತೆ. ನೋವು ಕಮ್ಮಿಯಾಗೋದು ಅಂದ್ರೆ ಸಣ್ಣ ವಿಷಯ ಅಲ್ಲ, ಬಿರುಕು ಬಿಟ್ಟ ತೊಟ್ಟಿನ ನೋವಿಗೇ ತಾಯಂದಿರು ಡಬ್ಬದ ಹಾಲಿಗೆ ಹೋಗೋದು.

ತೊಟ್ಟಿಲು_ತಜ್ಞ · 12:29
ಅದೇ ಪರಿಶೀಲನೆ, ಮಗುವಿನ ಹಾಲು ಕುಡಿಯುವಿಕೆ ಸುಧಾರಿಸುತ್ತೆ ಅನ್ನೋಕೆ ಸ್ಥಿರವಾದ ಪುರಾವೆ ಸಿಗಲಿಲ್ಲ ಅಂತಾನೂ ಹೇಳಿತು. ಪೂರ್ತಿ ಹೇಳಿ ಮೇಡಂ.

ಒಳಲೆ · 12:35
ಪೂರ್ತಿ ಹೇಳೋದಾದ್ರೆ, ಆ ಪ್ರಯೋಗಗಳಲ್ಲಿ ಹೋಲಿಕೆ ಗುಂಪಿನ ಬಹುಪಾಲು ಮಕ್ಕಳಿಗೂ ಕೆಲವೇ ದಿನದಲ್ಲಿ ಕತ್ತರಿಸಿಬಿಟ್ಟಿದ್ದರು. ದೀರ್ಘಕಾಲದ ವ್ಯತ್ಯಾಸ ಎಲ್ಲಿಂದ ಕಾಣಬೇಕು? "ಪುರಾವೆ ಇಲ್ಲ" ಬೇರೆ, "ಪ್ರಯೋಜನ ಇಲ್ಲ ಅನ್ನೋ ಪುರಾವೆ" ಬೇರೆ.

ಗಂಟಲು_ಗಡಿಯಾರ · 12:37
ಇಬ್ಬರೂ ಸರಿ. ಊಟ ಮಾಡಿ ಬನ್ನಿ.

ಎರಡನೇ_ಪಾಳಿ · 1:50
ಹಾಗಾದ್ರೆ ಯಾವಾಗ ಕಳಿಸೋದು ಅನ್ನೋದಕ್ಕೆ ಒಂದು ಗೆರೆ ಹೇಳಿ.

ಒಳಲೆ · 2:15
ಕಟ್ಟು ಕಂಡಿದೆ, ಮಗು ಚೆನ್ನಾಗಿ ಕುಡೀತಿದೆ, ತಾಯಿಗೆ ನೋವಿಲ್ಲ: ಏನೂ ಬೇಡ. ಬರೆದಿಟ್ಟು ಮನೆಗೆ ಕಳಿಸಿ.

ಕಟ್ಟು ಇದೆ, ನೋವೂ ಇದೆ: ಮೊದಲು ಭಂಗಿ ತಿದ್ದಿ. ತಾಯಿ ಹಿಂದಕ್ಕೊರಗಿ, ಮಗುವಿನ ಹೊಟ್ಟೆ ತನ್ನ ಹೊಟ್ಟೆಗೆ ತಾಗುವಂತೆ, ಮೂಗು ತೊಟ್ಟಿನ ಎದುರು, ಬಾಯಿ ಆಕಳಿಸುವಷ್ಟು ತೆರೆದಾಗ ಗಲ್ಲ ಮೊದಲು ತಾಗಿಸಬೇಕು. ಎರಡು ಮೂರು ದಿನ, ಪ್ರತಿ ಪಾಳಿಯಲ್ಲೂ ಯಾರಾದರೂ ಒಮ್ಮೆ ಕೂತು ನೋಡಬೇಕು. ಬಹಳಷ್ಟು ಜನಕ್ಕೆ ಇಷ್ಟರಲ್ಲೇ ಮುಗಿಯುತ್ತೆ. ಬೇರೆ ಕಾರಣಗಳನ್ನೂ ತಳ್ಳಿಹಾಕಿ: ತೊಟ್ಟಿನ ಶಿಲೀಂಧ್ರ ಸೋಂಕು, ಕುಡಿದ ಮೇಲೆ ತೊಟ್ಟು ಬಿಳಿಚಿ ಉರಿಯೋ ರಕ್ತನಾಳದ ಸೆಳೆತ, 35–36 ವಾರಕ್ಕೇ ಹುಟ್ಟಿದ ನಿದ್ದೆಬುರುಕ ಮಗು.

ತಿದ್ದಿದ ಮೇಲೂ ನೋವು, ಅಥವಾ ತೂಕ ಹುಟ್ಟಿದ್ದಕ್ಕಿಂತ ನೂರಕ್ಕೆ 10ರಷ್ಟು ಇಳಿದಿದೆ, ಅಥವಾ 5ನೇ ದಿನದ ನಂತರ 24 ಗಂಟೇಲಿ 6 ಸಲ ಉಚ್ಚೆ ಹೋಗಿಲ್ಲ, ಅಥವಾ 14 ದಿನಕ್ಕೂ ಹುಟ್ಟಿದ ತೂಕಕ್ಕೆ ವಾಪಸ್ ಬಂದಿಲ್ಲ, ಜೊತೆಗೆ ಬ್ರಿಸ್ಟಲ್ ಅಂಕ ಕಮ್ಮಿ: ಆಗ ಕತ್ತರಿ, ತಡ ಮಾಡದೆ. ಆಮೇಲೆ ದಿನಕ್ಕೆ 20–30 ಗ್ರಾಂ ಏರಬೇಕು.

ಕಾಯುವಾಗ ಹಾಲು ಬತ್ತಬಾರದು, ಇದನ್ನ ದಪ್ಪಕ್ಷರದಲ್ಲಿ ಬರೀರಿ. ದಿನಕ್ಕೆ 8 ಸಲ ಹಿಂಡಿ, ರಾತ್ರಿ ಒಂದು ಸಲವಾದರೂ ಸೇರಿಸಿ, ಒಳಲೆಯಲ್ಲಿ (ಮೂತಿ ಇರೋ ಹಾಲು ಕುಡಿಸೋ ಸಣ್ಣ ಬಟ್ಟಲು) ಕುಡಿಸಿ. ಮೊದಲ ವಾರ ಮುಗಿದ ಮೇಲೆ ಕೆಜಿಗೆ 150 ಮಿಲಿ ಲೆಕ್ಕ. 3 ಕೆಜಿ ಮಗು ಅಂದ್ರೆ ದಿನಕ್ಕೆ 450, 8 ಸಲಕ್ಕೆ ಹಂಚಿದರೆ ಸಲಕ್ಕೆ 55ರ ಆಸುಪಾಸು. ಮಗೂನ ನೆಟ್ಟಗೆ ಕೂರಿಸಿ, ಒಳಲೆಯ ಮೂತಿ ತುಟಿಯ ಮೂಲೆಗಿಟ್ಟು, ನುಂಗಿದ ಮೇಲೆ ಮತ್ತೆ ಬಾಗಿಸಿ. ಮಲಗಿಸಿ ಸುರಿಯೋದು ನೆತ್ತಿಗೆ ಹತ್ತೋಕೆ ದಾರಿ.

ಮಲೆನಾಡ_ಮಿಡತೆ · 2:22
ಒಳಲೆ ಅನ್ನೋರೇ ಒಳಲೆ ಬಗ್ಗೆ ಬರೆದರೆ ಪಕ್ಷಪಾತ ಅಲ್ವಾ 😄

ಅರಿವಳಿಕೆ_ಅಣ್ಣ · 2:40
ಟ್ರೇ ಬಗ್ಗೆ ಒಂದು ತಿದ್ದುಪಡಿ, ಯಾರೂ ಹೇಳಿಲ್ಲ. ಹಲ್ಲು ಬರೋ ಮಕ್ಕಳಿಗೆ ಹಚ್ಚೋ ಬೆಂಜೊಕೇನ್ ಜೆಲ್ ಶಿಶುಗಳಿಗೆ ಕೂಡದು. ರಕ್ತ ಆಮ್ಲಜನಕ ಹೊರಲಾರದಂತಾಗಿ ಮಗು ನೀಲಿಗಟ್ಟುತ್ತೆ. ಎರಡು ವರ್ಷದೊಳಗೆ ಬೇಡವೇ ಬೇಡ. ನಾಲಿಗೆ ಮರಗಟ್ಟಿದರೆ ಮಗು ಆಮೇಲೆ ಚೀಪೋದೂ ಇಲ್ಲ, ಅದು ಇನ್ನೊಂದು ನಷ್ಟ.

ಮೂರ್ನಾಲ್ಕು ತಿಂಗಳು ದಾಟಿ, ಮಗು ಬಲವಾಗಿ ಕೊಸರಾಡುವಾಗ ಪೂರ್ಣ ಅರಿವಳಿಕೆಯ ಮಾತು ಬರುತ್ತೆ. ಆಗ ಎದೆಹಾಲು ನಿಲ್ಲಿಸಿ 4 ಗಂಟೆ, ಡಬ್ಬದ ಅಥವಾ ಹಸುವಿನ ಹಾಲು ನಿಲ್ಲಿಸಿ 6 ಗಂಟೆ. ಎದೆಹಾಲಿನ ತೊಂದರೆಗೇ ಕತ್ತರಿಸೋದಾದರೆ ಮೊದಲ ಕೆಲವು ವಾರದಲ್ಲೇ ಮುಗಿಸಿ ಅನ್ನೋದಕ್ಕೆ ಇದೇ ಕಾರಣ.

ಧಾರವಾಡ_ಪೇಡೆ · 3:05
ಅಲ್ರೀ, ಔಷಧಿ ಅಂಗಡ್ಯಾಗ ದಿನಾ ಕೇಳೂ ಪ್ರಶ್ನೆ ಇದು. ಬಜಿ ಬೇರು ತೇಯ್ದು ನಾಲಗಿಗೆ ಹಚ್ಚಿದ್ರ ಕಟ್ಟು ಸಡಲ ಆಗತೈತಿ, ಮಾತು ಲಗೂನ ಬರತಾವ ಅಂತಾರ. ಖರೆ ಹೇಳ್ಬೇಕಂದ್ರ, ಪೊರಿ ಅನ್ನೂದು ಅಂಗಾಂಶ, ತೇಯ್ದು ಹಚ್ಚಿದ್ರ ಕರಗಂಗಿಲ್ಲ. ಮ್ಯಾಲ ಬಜಿಯೊಳಗ ಬೀಟಾ-ಅಸರೋನ್ ಅನ್ನೂ ಅಂಶ ಐತಿ, ನಮ್ಮ ದೇಶದ ಬಜಿಯೊಳಗ ಅದು ಜಾಸ್ತಿ. ಅಮೆರಿಕಾದಾಗ 1968ರಾಗ ಬಜಿನ ತಿನ್ನೂ ಪದಾರ್ಥದಾಗ ಹಾಕಬ್ಯಾಡ್ರಿ ಅಂತ ನಿಷೇಧ ಮಾಡ್ಯಾರ. ಜೇನುತುಪ್ಪಾನೂ ಒಂದು ವರ್ಷದ ಒಳಗ ಬ್ಯಾಡ. ಅದರಾಗಿನ ಬೀಜಾಣು ಕೂಸಿನ ಕರುಳಾಗ ಬೆಳದು ವಿಷ ಬಿಡ್ತಾವ, ಕೂಸು ಮೆತ್ತಗಾಗತೈತಿ, ಚೀಪೂದು ಬಿಡತೈತಿ. ಗಾಯದ ಮ್ಯಾಲಂತೂ ಏನೂ ಸವರಬ್ಯಾಡ್ರಿ.

ಎರಡನೇ_ಪಾಳಿ · 3:12
ಗಾಯದ ಮಾತು ಬಂತಲ್ಲ. ಎರಡನೇ ದಿನಕ್ಕೆ ಬಿಳಿ ಕಲೆ ನೋಡಿ "ಕೀವಾಗಿದೆ" ಅಂತ ಓಡಿ ಬರ್ತಾರೆ.

ಕತ್ತರಿ_ಹತ್ತಿ · 3:20
ಅದು ಕೀವಲ್ಲ, ಬಾಯೊಳಗಿನ ಹಕ್ಕಳೆ. ಒಣಗಲು ಜಾಗ ಇಲ್ಲದ್ದರಿಂದ ಬಿಳಿ-ಹಳದಿಯಾಗಿ ಕಾಣುತ್ತೆ, ಒಂದೆರಡು ವಾರದಲ್ಲಿ ತಾನೇ ಹೋಗುತ್ತೆ. ಉಜ್ಜಿ ತೆಗೀಬಾರದು. ಮಗು ಹಾಲು ಬಿಟ್ಟರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ತಾಜಾ ಕೆಂಪು ರಕ್ತ ಬಂದರೆ ತಕ್ಷಣ ಬರಬೇಕು. ಮೂರು ತಿಂಗಳೊಳಗಿನ ಮಗುವಿನ ಜ್ವರಕ್ಕೆ ಮನೇಲಿ ಸಿರಪ್ ಹಾಕಿ ಕಾಯೋ ಹಾಗಿಲ್ಲ.

ದಂತಕಥೆ · 3:28
ದಿನಕ್ಕೆ ಇಷ್ಟು ಸಲ ಗಾಯ ಎಳೆದು ಹಿಗ್ಗಿಸೋ ವ್ಯಾಯಾಮ? ಮತ್ತೆ ಅಂಟಿಕೊಳ್ಳದಿರಲಿ ಅಂತ ಕೆಲವರು ಕಡ್ಡಾಯ ಮಾಡ್ತಾರೆ.

ಒಳಲೆ · 3:36
ಅದರಿಂದ ಲಾಭ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಹಸಿ ಗಾಯಕ್ಕೆ ದಿನಾ ಬೆರಳು ಹಾಕಿದರೆ ಮಗು ಬಾಯಿಗೆ ಏನು ಬಂದರೂ ಮುಖ ತಿರುಗಿಸೋಕೆ ಶುರು ಮಾಡುತ್ತೆ, ಮೊಲೆಗೂ. ಪದೇ ಪದೇ ಮೊಲೆ ಕುಡಿಸೋದೇ ವ್ಯಾಯಾಮ. 24ರಿಂದ 48 ಗಂಟೇಲಿ ಮತ್ತೆ ಭಂಗಿ ನೋಡಬೇಕು, ಕತ್ತರಿಸಿ ಕೈ ತೊಳಕೊಂಡರೆ ಅರ್ಧ ಕೆಲಸ.

ಳಕಾರ · 4:10
ಮಾತಿನ ಚಿಕಿತ್ಸೆಯ ಕಡೆಯಿಂದ, ಅಜ್ಜಿಯ "ಮೂಗ" ಪ್ರಶ್ನೆಗೆ. ನಾಲಿಗೆ ಕಟ್ಟಿನಿಂದ ಮಾತು ಬರೋದು ತಡ ಆಗಲ್ಲ. ಕನ್ನಡದ ಮಕ್ಕಳ ಮೊದಲ ಪದಗಳನ್ನೇ ನೋಡಿ: ಅಮ್ಮ, ಅಪ್ಪ, ಮಾಮ, ಪಾಪ, ಬಾ. ಇವುಗಳ ವ್ಯಂಜನ ಎಲ್ಲಾ ತುಟಿಯದು, ನಾಲಿಗೆ ತುದಿ ಬೇಕೇ ಇಲ್ಲ. ಕಾಕ, ಗೂಬೆಯಲ್ಲಿ ನಾಲಿಗೆಯ ಹಿಂಭಾಗ ಕೆಲಸ ಮಾಡುತ್ತೆ, ಕಟ್ಟು ಅದನ್ನ ತಡೆಯಲ್ಲ. ಎರಡು ವರ್ಷದ ಮಗು ಅಮ್ಮ ಅಂತಾನೂ ಅನ್ನದಿದ್ದರೆ ಪೊರೆ ಕತ್ತರಿಸಿ ಸುಮ್ಮನಾಗೋದು ಅಪರಾಧ. ಮೊದಲು ಕಿವಿ ಪರೀಕ್ಷೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ಕಿವಿಯ ಲೆಕ್ಕ. ಕಿವಿ ಸರಿ ಇದ್ದರೆ ಬೆಳವಣಿಗೆಯ ತಪಾಸಣೆ.

ಕಟ್ಟು ತಡೆಯಬಹುದಾದ್ದು ಉಚ್ಚಾರ. ತುದಿ ಮೇಲೇಳಬೇಕಾದ ಲ, ರ, ನ ಮತ್ತು ತುದಿ ಹಿಂದಕ್ಕೆ ಮಡಚಬೇಕಾದ ಟ, ಡ, ಣ, ಳ. ಕನ್ನಡದಲ್ಲಿ ಇದು ಅರ್ಥವನ್ನೇ ಬದಲಿಸುತ್ತೆ: ಹಾಲು-ಹಾಳು, ಬೆಲೆ-ಬೆಳೆ, ಮನೆ-ಮಣೆ. ಇಂಗ್ಲಿಷ್ ಪುಸ್ತಕದ ಪಟ್ಟಿ ಹಿಡಿದು ಪರೀಕ್ಷೆ ಮಾಡಿದರೆ ಳ, ಣ ತಪ್ಪಿಸಿಕೊಳ್ಳುತ್ತೆ. ಬಾಯಿ ತೆರೆಸಿ, ದವಡೆ ಅಲುಗಿಸದೆ "ಲಲಲ" ಅನ್ನಿಸಿ, ತುದಿಯಿಂದ ಮೇಲುತುಟಿ ನೆಕ್ಕಿಸಿ, "ಬೆಳೆ ಬೆಳೆಯಿತು" ಹೇಳಿಸಿ.

ಧಾರವಾಡ_ಪೇಡೆ · 4:18
ಆದ್ರ ಕೆಲವು ಕಡೆ ಮಂದಿ ಳಕಾರಕ್ಕ ಲ, ಣಕಾರಕ್ಕ ನ ಅಂತಾರ. ಎಲ್ಲಾರಿಗೂ ಕತ್ರಿ ಹಾಕಬೇಕೇನು?

ಳಕಾರ · 4:25
ಅದು ಆಡುನುಡಿ, ದೋಷ ಅಲ್ಲ. ಮನೇಲಿ ಹೇಗೆ ಮಾತಾಡ್ತಾರೆ ಅಂತ ಕೇಳದೆ ಅಂಕ ಹಾಕಬಾರದು. ಇನ್ನೊಂದು: ರ, ಳ ಎಲ್ಲಾ ಮಕ್ಕಳಿಗೂ ತಡವಾಗೇ ಬರೋದು. ಮೂರು ವರ್ಷದ ಮಗು "ಲವಿ" ಅಂದ್ರೆ ರವಿಗೂ ಬೇಜಾರಿಲ್ಲ, ನಮಗೂ ಇಲ್ಲ. ಐದರ ಹೊತ್ತಿಗೂ ತುದಿಯ ಅಕ್ಷರಗಳೆಲ್ಲ ಒಟ್ಟಿಗೆ ಕೆಟ್ಟಿದ್ದರೆ, ನಾಲಿಗೆ ನಿಜಕ್ಕೂ ಏಳದಿದ್ದರೆ, ಆಗ ಮೊದಲು ಕೆಲವು ತಿಂಗಳು ಅಭ್ಯಾಸ. ಅದಕ್ಕೂ ಬಾರದಿದ್ದರೆ ಶಸ್ತ್ರಚಿಕಿತ್ಸೆ, ಅದರ ನಂತರ ಮತ್ತೆ ಅಭ್ಯಾಸ. ಕತ್ತರಿ ಜಾಗ ಮಾಡಿಕೊಡುತ್ತೆ, ಹಳೇ ಚಾಳಿ ಬಿಡಿಸಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡ್ತಾರೆ. ದೂರ ಆದವರು ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಿಚಾರಿಸಬಹುದು.

ಮಲೆನಾಡ_ಮಿಡತೆ · 4:33
ವಿಷಯಾಂತರ ಕ್ಷಮಿಸಿ. ಕಟ್ಟಿಲ್ಲ, ಆದರೆ ನಾಲಿಗೆ ದೊಡ್ಡದು, ಯಾವಾಗ್ಲೂ ಹೊರಗೇ ಇರುತ್ತೆ. ಇದನ್ನೂ ಆ ಪುಟದಲ್ಲಿ ಹಾಕ್ತೀರಾ?

ತೊಟ್ಟಿಲು_ತಜ್ಞ · 4:55
ವಿಷಯಾಂತರ ಅಲ್ಲ, ನನ್ನ ಕೇಳಿದರೆ ಕಟ್ಟಿಗಿಂತ ಇದೇ ಮುಖ್ಯ. ಕಟ್ಟು ತಪ್ಪಿದರೆ ಹಾಲು ತಪ್ಪುತ್ತೆ. ಇದು ತಪ್ಪಿದರೆ ಬುದ್ಧಿ ಅಥವಾ ಜೀವ ತಪ್ಪಬಹುದು.

ಒಂದು, ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ. ನಾಲಿಗೆ ದಪ್ಪ ಆಗೋದು ವಾರಗಳ ನಂತರ. ಜೊತೆಗೆ ಇಳಿಯದ ಕಾಮಾಲೆ, ಮಲಬದ್ಧತೆ, ಹೊಕ್ಕುಳ ಉಬ್ಬು, ಒರಟು ಅಳು. ಇವು ಕಾಣೋವರೆಗೆ ಕಾದರೆ ತಡವಾಯಿತು. 48 ಗಂಟೆ ಕಳೆದ ಮೇಲೆ ಹಿಮ್ಮಡಿ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನ ಪ್ರಚೋದಿಸೋ ಹಾರ್ಮೋನು) ನೋಡಿ. ಕೊರತೆ ಖಚಿತವಾದರೆ ಎರಡು ವಾರದೊಳಗೆ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನು), ದಿನಕ್ಕೆ ಕೆಜಿಗೆ 10–15 ಮೈಕ್ರೋಗ್ರಾಂ. ಮಾತ್ರೆ ಪುಡಿ ಮಾಡಿ ಒಂದೆರಡು ಮಿಲಿ ಎದೆಹಾಲಲ್ಲಿ ಕೊಡೋದು. ಕಬ್ಬಿಣ, ಕ್ಯಾಲ್ಸಿಯಂ ಹನಿಗಳ ಜೊತೆ ಬೇಡ, ಹೀರಿಕೆ ತಪ್ಪುತ್ತೆ.

ಎರಡು, ಬೆಕ್‌ವಿತ್-ವೀಡೆಮನ್ ಅನ್ನೋ ಹುಟ್ಟಿನಿಂದ ಬರೋ ಅತಿಬೆಳವಣಿಗೆಯ ಸಿಂಡ್ರೋಮ್. ದಪ್ಪ ಮಗು, ದೊಡ್ಡ ನಾಲಿಗೆ, ಕಿವಿಹಾಲೆಯಲ್ಲಿ ಗೆರೆ, ಹೊಕ್ಕುಳಿನ ದೋಷ, ಒಂದು ಕಾಲು ಇನ್ನೊಂದಕ್ಕಿಂತ ದಪ್ಪ ಇರಬಹುದು. 11ನೇ ವರ್ಣತಂತುವಿನ ಗಡಿಬಿಡಿ. ಮೊದಲ ದಿನ ಸಕ್ಕರೆ ಇಳಿದು ಫಿಟ್ಸ್ ಬರಬಹುದು, ಹಾಗಾಗಿ ನಾಲಿಗೆಗಿಂತ ಮೊದಲು ಗ್ಲೂಕೋಮೀಟರ್. ಆಮೇಲೆ ಮೂತ್ರಪಿಂಡ, ಯಕೃತ್ತಿನ ಗೆಡ್ಡೆಯ ಭಯ, ಅದಕ್ಕೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್, 7 ವರ್ಷ ತುಂಬೋ ತನಕ.

ಡೌನ್ ಸಿಂಡ್ರೋಮ್‌ನಲ್ಲಿ ಹೆಚ್ಚಾಗಿ ನಾಲಿಗೆ ದೊಡ್ಡದಲ್ಲ, ಬಾಯಿ ಚಿಕ್ಕದು, ಸ್ನಾಯು ಸಡಿಲ. ಕತ್ತರಿಸಿ ಚಿಕ್ಕದು ಮಾಡಿಸೋ ಮಾತು ಬೇಡ.

ಗಂಟಲು_ಗಡಿಯಾರ · 5:10
ಒಂದು ಸೇರಿಸ್ತೀನಿ. ನಾಲಿಗೆಯ ಬುಡದಲ್ಲಿ, ತೀರಾ ಹಿಂದೆ, ನಟ್ಟನಡುವೆ ಕೆಂಪು ಉಂಡೆ ಕಂಡರೆ ಗೆಡ್ಡೆ ಅಂತ ಕತ್ತರಿಸಬೇಡಿ. ಥೈರಾಯ್ಡ್ ಗ್ರಂಥಿ ಹುಟ್ಟೋದೇ ಅಲ್ಲಿ, ಗರ್ಭದಲ್ಲಿ ಅಲ್ಲಿಂದ ಕತ್ತಿಗೆ ಇಳಿಯಬೇಕು. ಇಳಿಯದೆ ಅಲ್ಲೇ ಉಳಿದರೆ ಈ ಉಂಡೆ. ಬಹುಪಾಲು ಜನರಲ್ಲಿ ಮೈಯಲ್ಲಿರೋ ಥೈರಾಯ್ಡ್ ಅದೊಂದೇ. ಮೊದಲು ಕತ್ತಿನ ಸ್ಕ್ಯಾನ್ ಮಾಡಿ ಗ್ರಂಥಿ ತನ್ನ ಜಾಗದಲ್ಲಿದೆಯಾ ನೋಡಿ.

ದಂತಕಥೆ · 5:16
ಹುಟ್ಟುವಾಗಲೇ ಇರೋ ಕೆಳಹಲ್ಲು. ನಾಲಿಗೆಯಡಿ ಉಜ್ಜಿ ಹುಣ್ಣು ಮಾಡುತ್ತೆ, ಮಗು ಅದಕ್ಕೇ ಹಾಲು ಬಿಡುತ್ತೆ, ನೋಡಿದವರು ಪೊರೆ ಅಂದುಕೊಳ್ತಾರೆ. ಅಪಶಕುನ ಅಂತ ಕೀಳಿಸೋಕೆ ಬರೋರಿಗೆ: ಅದು ಬಹುತೇಕ ಹಾಲುಹಲ್ಲೇ, ಬೇಗ ಬಂದದ್ದು. ಚೂಪಿದ್ದರೆ ನಯ ಮಾಡಿದರೆ ಸಾಕು. ಅಲುಗಾಡಿ ಶ್ವಾಸಕ್ಕೆ ಜಾರೋ ಹಾಗಿದ್ದರೆ ಮಾತ್ರ ಕೀಳೋದು, ಅದೂ ವಿಟಮಿನ್ ಕೆ ನೋಡಿಕೊಂಡು.

ಮಲೆನಾಡ_ಮಿಡತೆ · 5:24
ಬ್ರೆಜಿಲ್‌ನಲ್ಲಿ ಎಲ್ಲಾ ಮಕ್ಕಳಿಗೂ ನಾಲಿಗೆ ಪರೀಕ್ಷೆ ಕಾನೂನೇ ಇದೆಯಂತೆ?

ತೊಟ್ಟಿಲು_ತಜ್ಞ · 5:31
ಹೌದು, 2014ರಿಂದ ಕಡ್ಡಾಯ. ಅಲ್ಲಿನ ವೈದ್ಯರಲ್ಲೇ ಅದಕ್ಕೆ ಆಕ್ಷೇಪ ಇದೆ, ಹುಡುಕಿದಷ್ಟೂ ಸಿಗುತ್ತೆ, ಸಿಕ್ಕಿದಷ್ಟೂ ಕತ್ತರಿಸ್ತಾರೆ ಅಂತ. ನಮ್ಮಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಹುಟ್ಟುದೋಷಗಳ ಪಟ್ಟಿಯಲ್ಲಿ ಸೀಳುತುಟಿ, ಸೀಳಂಗಳ ಇದೆ, ನಾಲಿಗೆ ಕಟ್ಟು ಇಲ್ಲ. ಇಲ್ಲದಿರೋದೇ ಸರಿ ಅಂತ ನನ್ನ ಅಭಿಪ್ರಾಯ.

ಒಳಲೆ · 5:38
ನನಗೆ ಅಷ್ಟು ಖಾತ್ರಿ ಇಲ್ಲ. ಆದರೆ ಕಾನೂನಿಗಿಂತ ಮನೆಭೇಟಿ ಉಪಯೋಗ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಹೋಗ್ತಾರೆ, ತೂಕ ಮಾಡ್ತಾರೆ. ಬಿಡುಗಡೆ ಚೀಟೀಲಿ "ಬ್ರಿಸ್ಟಲ್ 4/8, ಕತ್ತರಿಸಿಲ್ಲ, 7 ಮತ್ತು 14ನೇ ದಿನದ ತೂಕ ನೋಡಿ" ಅಂತ ಕನ್ನಡದಲ್ಲಿ ಬರೆದರೆ ಆಕೆಗೆ ಏನು ಹುಡುಕಬೇಕು ಅಂತ ಗೊತ್ತಿರುತ್ತೆ.

ಎರಡನೇ_ಪಾಳಿ · 6:20
ಕರಡು ಹೀಗಿದೆ, ತಪ್ಪಿದ್ದರೆ ಬೈರಿ: "ನಾಲಿಗೆ: ಬ್ರಿಸ್ಟಲ್ __/8. ಅಂಗಳ, ಕಿರುನಾಲಿಗೆ, ದವಡೆ ನೋಡಿದೆ: ಹೌದು/ಇಲ್ಲ. ಪೂರ್ತಿ ಒಂದು ಹಾಲೂಡಿಕೆ ನೋಡಿದೆ: ಹೌದು/ಇಲ್ಲ. ತೊಟ್ಟಿನ ಆಕಾರ __. ತಾಯಿಯ ನೋವು 10ಕ್ಕೆ __. ತೂಕ __, ಇಳಿಕೆ ನೂರಕ್ಕೆ __. ವಿಟಮಿನ್ ಕೆ: ಹೌದು/ಇಲ್ಲ. ರಕ್ತಸ್ರಾವದ ಕುಟುಂಬ ಇತಿಹಾಸ: __. ತೀರ್ಮಾನ: __. ಸಹಿ."

ಕತ್ತರಿ_ಹತ್ತಿ · 6:27
"ತೀರ್ಮಾನ"ದ ಪಕ್ಕ "ಕಾರಣ" ಅಂತ ಇನ್ನೊಂದು ಗೆರೆ ಹಾಕಿ. ಖಾಲಿ ಬಿಟ್ಟರೆ ಕೇಸ್ ತಗೊಳ್ಳಲ್ಲ.

ತೊಟ್ಟಿಲು_ತಜ್ಞ · 6:30
ಸಹಿ ಪಕ್ಕ ಮಗುವಿನ ವಯಸ್ಸು ಗಂಟೆ ಲೆಕ್ಕದಲ್ಲಿ. 6 ಗಂಟೆಯ ಕೂಸಿನ ಅಂಕಕ್ಕೂ 60 ಗಂಟೆಯ ಕೂಸಿನ ಅಂಕಕ್ಕೂ ಒಂದೇ ಬೆಲೆ ಅಲ್ಲ.

ಎರಡನೇ_ಪಾಳಿ · 6:34
ಹಾಕಿದೆ. ನಾಳೆ ಜೆರಾಕ್ಸ್.